ತೊಂಬತ್ತೊಂಬತ್ತನೆಯ ಗುಂಪು

ಹದಿನೇಳನೆಯ ಪೋರ್ಟ್ ಭಾವನದೇ. ಎರಡು ಸಲ ನೋಡಿದ, ಮೂರನೆಯ ಸಲವೂ ನೋಡಿದ. ಹನ್ನೊಂದು ಗಂಟೆಯೊಳಗೆ ಅದನ್ನು ತೊಂಬತ್ತೊಂಬತ್ತನೆಯ ಗುಂಪಿಗೆ ಹಾಕಬೇಕೆಂದು ಮ್ಯಾನೇಜರರ ಅಪ್ಪಣೆ. ಕೆಲಸದಿಂದ ತೆಗೆದ ಪತ್ರ ಭಾವನ ಕೈಸೇರುವುದು ಸಂಜೆಗೆ. ಅಲ್ಲಿಯವರೆಗೆ ಇವನು ಬಾಯಿ ಬಿಡುವಂತಿಲ್ಲ.

ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಈ ಕೆಲಸಕ್ಕೆ ಇವನನ್ನು ಸೇರಿಸಿದ್ದೂ ಅದೇ ಭಾವ, ಅಕ್ಕನ ಗಂಡ. ಬೆಳಿಗ್ಗೆ ಅಕ್ಕ ಫೋನು ಮಾಡಿ, ಇವರು ವಾರದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಆಫೀಸಿನಲ್ಲಿ ಏನಾದರೂ ನಡೆದಿದೆಯೇನೋ ಎಂದು ಕೇಳಿದ್ದಳು. ಏನಿಲ್ಲ ಬಿಡಕ್ಕ ಎಂದಿದ್ದ.

ಇವನು ಕೂತಿದ್ದ ಕೋಣೆಯಲ್ಲಿ ಮಹಡಿಗೊಂದರಂತೆ ಮೂರು ಸ್ವಿಚ್ಚು. ಸ್ವಿಚ್ಚೆಂದರೆ ನಲವತ್ತೆಂಟು ತೂತಿನ ತಗಡಿನ ಡಬ್ಬಿ, ಅಷ್ಟೇ; ಆ ತೂತಿಗೇ ಪೋರ್ಟ್ ಎನ್ನುವುದು. ಮಹಡಿಯ ಮೇಜುಗಳಡಿಯ ಸಾಕೆಟ್ಟುಗಳ ತಂತಿಗಳೆಲ್ಲ ಅದಕ್ಕೇ ಬಂದು ಸೇರುತ್ತವೆ, ಆದರೆ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಮಾತುಕತೆಯಿಲ್ಲ. ಪ್ರತಿ ತೂತಿಗೂ ಇವನೊಂದು ವಿ-ಲ್ಯಾನ್ ಸಂಖ್ಯೆ, ಅಂದರೆ ಗುಂಪಿನ ಸಂಖ್ಯೆ, ಕೊಟ್ಟಿದ್ದಾನೆ. ಹತ್ತು ಖರೀದಿಯವರದು, ಇಪ್ಪತ್ತು ಮಾರಾಟದವರದು. ಹತ್ತರವರ ಮಾತು ಹತ್ತರವರಿಗೇ. ತೊಂಬತ್ತೊಂಬತ್ತು ಯಾರದೂ ಅಲ್ಲ, ಅಲ್ಲಿಂದ ಹೊರಗೆ ದಾರಿಯೂ ಇಲ್ಲ. ಖಾಲಿ ತೂತುಗಳನ್ನೆಲ್ಲ ಅದಕ್ಕೆ ತಳ್ಳಿಡುವ ಶಿಸ್ತು ಇವನದೇ. ಅದಕ್ಕಾಗಿ ಭೇಷ್ ಅನ್ನಿಸಿಕೊಂಡಿದ್ದ ಪುಣ್ಯಾತ್ಮ.

ಒಂದು ಸಾಲು ಟೈಪು ಮಾಡಿ ಒತ್ತಿದ. ಹದಿನೇಳು ತೊಂಬತ್ತೊಂಬತ್ತಕ್ಕೆ ಸೇರಿತು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದೇ ತನ್ನ ಮೇಲೆ ತನಗೆ ಅಸಹ್ಯವಾಯಿತು.

ಭಾವನ ಫೋನು ಬಂತು.

“ನೆಟ್ ಹೋಗಿದೆ ಕಣೋ.”

“ವೈರ್ ಸರಿಯಾಗಿದೆಯಾ ಭಾವ?”

“ಲೈಟೇನೋ ಉರೀತಿದೆ.”

ಉರಿಯದೆ ಏನು? ತಂತಿ ಸಿಕ್ಕಿಸಿದರೆ ದೀಪ ಉರಿಯುತ್ತದೆ. ಮಾತು ಯಾರಿಗಾದರೂ ಮುಟ್ಟುತ್ತದೆಯೇ ಎಂಬುದು ಅದಕ್ಕೆ ಬೇಕಿಲ್ಲ. ನುಂಗಲೂ ಆಗದೆ ಉಗುಳಲೂ ಆಗದೆ, ಇವನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿಬಿಟ್ಟ.

“ಬೇರೆ ಸಾಕೆಟ್‌ಗೆ ಹಾಕಿ ನೋಡಿ.”

“ಸರಿ. ನೀನು ಹೇಳಿದ್ಮೇಲೆ ಮುಗೀತು.”

ಇವನೆದುರಿನ ಸ್ವಿಚ್ಚಿನಲ್ಲಿ ಹದಿನೇಳರ ದೀಪ ಆರಿತು. ಇಪ್ಪತ್ತೊಂದರದು ಹೊತ್ತಿಕೊಂಡಿತು. ಎರಡು ನಿಮಿಷ ಉರಿದು ಅದೂ ಆರಿತು, ಆಮೇಲೆ ಇಪ್ಪತ್ತಾರು. ಎಲ್ಲ ಖಾಲಿ ತೂತುಗಳೇ, ಎಲ್ಲ ತೊಂಬತ್ತೊಂಬತ್ತೇ. ಐವತ್ತು ದಾಟಿದ ಮನುಷ್ಯ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು, ಮಂಡಿಯೂರಿ, ಕಂಡಕಂಡವರ ಮೇಜಿನಡಿ ತೂರುತ್ತಿರಬೇಕು, ಪಾಪ. ಹೋಗಿ ತಡೆದರೆ ಕಾರಣ ಹೇಳಬೇಕು. ಹೇಳಿದರೆ ಇವನ ಕೆಲಸಕ್ಕೂ ಸಂಚಕಾರ. ಕುರ್ಚಿ ಬಿಟ್ಟು ಏಳಲಿಲ್ಲ.

ಮತ್ತೆ ಫೋನು.

“ನಮ್ಮ ಫ್ಲೋರೆಲ್ಲ ಆಯ್ತು, ಎಲ್ಲೂ ಬರ್ತಿಲ್ಲ. ನೀನು ನಿನ್ನ ಕೆಲಸ ಮುಗಿಸ್ಕೋ, ನಂಗೇನೂ ಅರ್ಜೆಂಟಿಲ್ಲ.”

“ಹೂಂ ಭಾವ.”

ಸ್ವಲ್ಪ ಹೊತ್ತು ಯಾವ ದೀಪವೂ ಬದಲಾಗಲಿಲ್ಲ. ಇವನು ಉಸಿರುಬಿಟ್ಟ. ಆಮೇಲೆ, ಕೆಳಗಿನ ಮಹಡಿಯ ಸ್ವಿಚ್ಚಿನಲ್ಲಿ, ಮೂಲೆಯ ಒಂದು ಖಾಲಿ ತೂತಿನ ಹಸಿರು ದೀಪ ಹೊತ್ತಿಕೊಂಡಿತು.