ಮಾನಿಟರಿಗೆ ಹಾಕಿದ ಹಾರ

ನಾನು ಸತ್ತ ಸುದ್ದಿ ನನಗೆ ಗೊತ್ತಾದದ್ದು ವಿಜಯದಶಮಿಯ ಬೆಳಿಗ್ಗೆ, ವಿದ್ಯಾನಗರದ ನಮ್ಮ ಮನೆಯಲ್ಲಿ ಎರಡನೇ ಸಲ ಚಹಾ ಕುಡಿಯುವಾಗ. ಫೋನು ಬಂತು, ಎತ್ತಿದೆ.

“ಉಮಾಶ್ರೀ ಅಕ್ಕಾರ ಮನಿಯವ್ರೇನ್ರಿ? ನಾ ಕುಂದಗೋಳದಿಂದ ಗುಡ್ಡವ್ವ ಮಾತಾಡಾಕತ್ತೇನಿ. ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತ್ರಿ...”

“ಯಾವ ಸುದ್ದಿರಿ ಗುಡ್ಡವ್ವಾರ? ನಾನ ಉಮಾಶ್ರೀ.”

“ಯವ್ವಾ!” ಎಂದು ಆ ಕಡೆ ಚೀರಿದ್ದು ಕೇಳಿಸಿತು. ಫೋನು ಕಟ್ಟಾಯಿತು.

ಗುಡ್ಡವ್ವ ನಮ್ಮ ಅಂಗಡಿಯ ಗಿರಾಕಿ. ದುರ್ಗದಬೈಲಿನ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತವಳು ನಾನು. ಗರ್ಭಕೋಶದ ಆಪರೇಷನ್ ಆಗಿ ಐದು ವಾರದಿಂದ ರಜೆಯ ಮೇಲಿದ್ದೆ. ರಜೆ ಎಂದರೆ ರಜೆ, ಸಾವಲ್ಲ. ಆದರೆ ಗಿರಾಕಿಗಳೂ ಇರುವ ಅಂಗಡಿಯ ವಾಟ್ಸಾಪ್ ಗುಂಪು ತೆರೆದು ನೋಡಿದರೆ ನಲವತ್ತೊಂದು ಜನ ನನ್ನ ಆತ್ಮಕ್ಕೆ ಶಾಂತಿ ಕೋರಿದ್ದರು!

ಆ ಸಂದೇಶಗಳ ಮೇಲೆ, ಹಿಂದಿನ ದಿನ ಅಂಗಡಿಯ ಮಶೀನುಗಳಿಗೆ ಮಾಡಿದ ಖಂಡೇ ಪೂಜೆಯ ಫೋಟೋ ಇತ್ತು. ನನ್ನ ಕಂಪ್ಯೂಟರು, ಅದರ ಪರದೆಯ ತುಂಬ ನನ್ನ ಮುಖ. ಮಾನಿಟರಿನ ಸುತ್ತ ಚೆಂಡುಹೂವಿನ ಹಾರ, ಗಾಜಿನ ಮೇಲೆ ಸರಿಯಾಗಿ ನನ್ನ ಹಣೆಗೇ ವಿಭೂತಿ, ಕುಂಕುಮ. ಮುಂದೆ ಊದಿನಕಡ್ಡಿ, ಒಡೆದ ಕಾಯಿ. ನಮ್ಮಲ್ಲಿ ಹಾರ ಹಾಕಿದ ಫೋಟೋದಲ್ಲಿ ಇರುವವರು ದೇವರು, ಇಲ್ಲವೇ ಸತ್ತವರು. ನನ್ನನ್ನು ದೇವರೆಂದುಕೊಳ್ಳುವವರು ಆ ಗುಂಪಿನಲ್ಲಿ ಯಾರೂ ಇಲ್ಲ.

ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಆ ಮುಖ ನೋಡಿ. ಮೊಬೈಲಿನಲ್ಲಿ ತೆಗೆದ ಉದ್ದನೆಯ ಫೋಟೋವನ್ನು ಅಗಲವಾದ ಪರದೆಗೆ ‘ಸ್ಟ್ರೆಚ್’ ಮಾಡಿ ಎಳೆದಿದ್ದರು. ಗಲ್ಲ ಎರಡೂ ಕಡೆ ಹಿಗ್ಗಿ ಮುಖ ಪೂರಿಯಂತಾಗಿತ್ತು. ಕಂಡವರ ಮನೆಯ ಮದುಮಕ್ಕಳ ಮುಖವನ್ನು ಹದಿನೆಂಟು ವರ್ಷ ತಿದ್ದಿ ತೀಡಿ ಚೆಂದ ಮಾಡಿದವಳಿಗೆ ಸತ್ತ ಮೇಲಾದರೂ ಒಂದು ನೆಟ್ಟಗಿನ ಮುಖ ಬೇಡವೇ?

ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಸಿಟ್ಟು ಮಾಡಬೇಡಿ ಎಂದೇನೂ ಹೇಳಿರಲಿಲ್ಲ. ಆಟೋ ಹತ್ತಿ ಸೀದಾ ಅಂಗಡಿಗೆ ಹೋದೆ.

ಹಬ್ಬವಾದರೂ ಮದುವೆ ಕೆಲಸ ಬಹಳ ಇದ್ದುದರಿಂದ ಅಂಗಡಿ ತೆರೆದಿತ್ತು. ಬಾಗಿಲಲ್ಲೇ ಪ್ರಿಂಟಿಂಗ್ ಮಶೀನು ನಡೆಸುವ ಫಾರೂಕ ಎದುರಾದ.

“ಬರ್ರಿ ಅಕ್ಕಾರ. ಆ ಫೋಟೋ ಗ್ರೂಪಿಗೆ ಹಾಕಬ್ಯಾಡ್ರಿ ಅಂತ ನಾ ನಿನ್ನೆನ ಮಾಲಕರಿಗೆ ಹೇಳಿದೆ. ನನ್ನ ಮಾತು ಯಾರ ಕೇಳ್ತಾರ?”

ನನ್ನ ಕುರ್ಚಿಯಲ್ಲಿ ಸೌಮ್ಯಾ ಕೂತಿದ್ದಳು, ನಾನೇ ಕೆಲಸ ಕಲಿಸಿದ ಹುಡುಗಿ. ನನ್ನನ್ನು ನೋಡಿದ್ದೇ ಅವಳ ಕಣ್ಣು ತುಂಬಿ ಬಂತು.

“ನೀವಿಲ್ಲದ್ದಕ್ಕ ಬ್ಯಾಸರ ಆಗಿ ನಿಮ್ಮ ಫೋಟೋ ಹಾಕ್ಕೊಂಡಿದ್ನಿರಿ ಅಕ್ಕಾರ. ದಿನಾ ನಿಮ್ಮ ಮುಖಾ ನೋಡಿನ ಕೆಲಸ ಚಾಲೂ ಮಾಡ್ತಿದ್ನಿ.”

ಅವಳನ್ನು ಬಯ್ಯಲು ಬಾಯಿ ಬರಲಿಲ್ಲ. ನಿಂತ ಮಶೀನಿಗೆ ಆರತಿ ಎತ್ತಬಾರದು, ಪೂಜೆಯ ಹೊತ್ತಿಗೆ ಎಲ್ಲವೂ ಚಾಲೂ ಇರಬೇಕು ಎಂಬುದು ನಮ್ಮ ಮಾಲಕ ಗುರುಬಸವಣ್ಣನ ನೇಮ. ಹಾಗಾಗಿ ಕಂಪ್ಯೂಟರೂ ಚಾಲೂ ಇತ್ತು. ಅವರು ಹಾರ ಹಾಕಿದ್ದು ಮಶೀನಿಗೆ. ಅದರಲ್ಲಿ ನಾನಿದ್ದದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ಗುರುಬಸವಣ್ಣ ನನ್ನನ್ನು ನೋಡಿ ಹಲ್ಲು ಕಿರಿದರು. “ಹೋಗ್ಲಿ ಬಿಡ್ರಿ, ನಿಮ್ಮ ಆಯುಷ್ಯ ಹೆಚ್ಚಾತು! ಮನ್ಯಾಗ ಆರಾಮ ಇರ್ರಿ. ಇನ್ನ ಮುಂದನೂ ಯಾಕ ತ್ರಾಸ ತೊಗೋತೀರಿ? ಸೌಮ್ಯಾ ಎಲ್ಲಾ ಸಂಭಾಳಸಾಕತ್ತಾಳ.”

ಮೇಜಿನ ಮೇಲೆ ಅಂಗಡಿಯ ಹೊಸ ವಿಸಿಟಿಂಗ್ ಕಾರ್ಡುಗಳಿದ್ದವು. ಡಿಸೈನಿಗೆ ಸಂಪರ್ಕಿಸಿ ಎಂಬಲ್ಲಿ ನನ್ನ ಹೆಸರಿಲ್ಲ, ನಂಬರಿಲ್ಲ. ಅಂದರೆ ಹಾರ ಬೀಳುವ ಮೊದಲೇ ನನ್ನನ್ನು ತೆಗೆದುಹಾಕಿ ಆಗಿತ್ತು. ನನಗೊಂದು ಮಾತು ಹೇಳಿರಲಿಲ್ಲ. ಹೊಟ್ಟೆಯ ಹೊಲಿಗೆ ನೋಯುತ್ತಿತ್ತು, ಆದರೆ ಇದು ಅದಕ್ಕಿಂತ ಒಳಗೆ ನೋಯಿತು.

“ನಾ ರಜಾ ತೊಗೊಂಡೇನಿ, ಜಾಗಾ ಬಿಟ್ಟುಕೊಟ್ಟಿಲ್ಲ ಗುರುಬಸವಣ್ಣಾರ,” ಎಂದೆ. “ಏಳವ್ವಾ ಸೌಮ್ಯಾ.”

ಕೂತೆ. ಹಾರ ತೆಗೆದು ಪಕ್ಕಕ್ಕಿಟ್ಟೆ. ಗಾಜಿನ ಮೇಲಿನ ವಿಭೂತಿ ಕುಂಕುಮ ಒರೆಸಿದೆ. ಫೋಟೋದ ಅಳತೆ ಸರಿ ಮಾಡಿ, ಅಂಚೆಚೀಟಿಯ ಹಾಗೆ ಚಿಕ್ಕದು ಮಾಡಿದೆ. ಆಮೇಲೆ ಹಿನ್ನೆಲೆ ಬದಲಿಸುವ ಕಡೆ ಹೋಗಿ ‘ಸ್ಟ್ರೆಚ್’ ಬಿಟ್ಟು ‘ಟೈಲ್’ ಒತ್ತಿದೆ. ಹೆಂಚು ಹೊದಿಸಿದ ಹಾಗೆ ಪರದೆಯ ತುಂಬ ಸಾಲು ಸಾಲು ಉಮಾಶ್ರೀಯರು ನಿಂತರು. ಒಬ್ಬಳ ಗಲ್ಲವೂ ಹಿಗ್ಗಿರಲಿಲ್ಲ.

“ಹಾಕ್ರಿ ಈಗ ಹಾರಾ. ಯಾವಾಕಿಗೆ ಹಾಕ್ತೀರಿ, ಆರಿಸ್ಕೋರಿ!”

ಫಾರೂಕ ಮಶೀನಿನ ಕಡೆ ಮುಖ ತಿರುಗಿಸಿ ನಕ್ಕ. ಮಾಲಕರ ಮುಖ ಕೆಂಪಾಯಿತು. “ತಗೀರಿ ಅದನ್ನ. ಗಿರಾಕಿ ಬರೋ ಹೊತ್ತು!”

ಗಿರಾಕಿ ಬಂದೇಬಿಟ್ಟಿದ್ದರು. ಬಾಗಿಲಲ್ಲಿ ಗುಡ್ಡವ್ವ ಏದುಸಿರು ಬಿಡುತ್ತ ನಿಂತಿದ್ದರು.

“ಗುರುಬಸವಣ್ಣಾರ, ಮಗಳ ಲಗ್ನದ ಪತ್ರಿಕಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಕೊಡ್ರಿ. ಸಾವಾದ ಅಂಗಡ್ಯಾಗ ಪತ್ರಿಕಿ ಮಾಡಸೂದು ಬ್ಯಾಡ ಅಂದ್ರು ನಮ್ಮನ್ಯಾಗ. ಫೋನ್ ಮಾಡಿದ್ರ ಸತ್ತಾಕಿನ ಮಾತಾಡಿದ್ಲರಿ...”

ಅಷ್ಟರಲ್ಲಿ ಪರದೆಯ ಮೇಲಿನ ಅಷ್ಟೂ ಜನ ಅವರ ಕಣ್ಣಿಗೆ ಬಿದ್ದರು. ಆಮೇಲೆ ನಾನು ಬಿದ್ದೆ. ಗುಡ್ಡವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಗುರುಬಸವಣ್ಣನಿಗೆ ಎಲ್ಲಿಂದಲೋ ಮಾತು ಬಂತು. “ಅಯ್ಯ, ಯಾವ ಸಾವ್ರಿ! ಇಲ್ಲೇ ಅದಾರಲ್ಲ ನಮ್ಮ ಉಮಾಶ್ರೀ ಅಕ್ಕಾರು. ಅವರಿಲ್ಲದ ಈ ಅಂಗಡಿ ನಡೀತದೇನ್ರಿ?”

ಗುಡ್ಡವ್ವ ಹತ್ತಿರ ಬಂದು ನನ್ನ ರಟ್ಟೆ ಮುಟ್ಟಿ ನೋಡಿದರು. “ಬೆಚ್ಚಗ ಅದಾರ,” ಎಂದರು, ಯಾರಿಗೋ ಸಾಕ್ಷಿ ಹೇಳುವವರಂತೆ.

“ನನ್ನ ಬಿಟ್ಟ ಅಂಗಡಿ ನಡ್ಯಾಂಗಿಲ್ಲ ಅಂತ ನೀವ ಅಂದ್ರಿ, ಗುಡ್ಡವ್ವಾರೂ ಕೇಳ್ಯಾರ,” ಎಂದೆ. “ಹಂಗಾದ್ರ ಕಾರ್ಡಿನ್ಯಾಗ ನನ್ನ ನಂಬರ್ ಹಾಕಸ್ರಿ. ಫಾರೂಕ, ಇವತ್ತ ಛಾಪಿಸು.”

ಫಾರೂಕ ಮಾಲಕರನ್ನು ನೋಡಿದ. ಮಾಲಕರು ಗುಡ್ಡವ್ವನನ್ನು ನೋಡಿದರು, ಆಮೇಲೆ ಹೂಂ ಎಂದು ತಲೆ ಅಲ್ಲಾಡಿಸಿದರು. ಆ ತಲೆ ಖುಷಿಯಿಂದ ಅಲ್ಲಾಡಲಿಲ್ಲ ಎಂಬುದು ನನಗೆ ಗೊತ್ತು. ನನಗೇನು?

“ಸೌಮ್ಯಾ, ಇನ್ನೊಂದ ಕುರ್ಚಿ ತೊಗೊಂಡ ಬಾ. ಬಾಜೂಕ ಹಾಕ್ಕೊಂಡ ಕುಂದರು.”

ಪತ್ರಿಕೆಯ ಪುಟ ತೆರೆದೆ. ಅದರ ಹಿಂದೆ ಉಮಾಶ್ರೀಯರೆಲ್ಲ ಮರೆಯಾದರು.

“ಕುಂದರ್ರಿ ಗುಡ್ಡವ್ವಾರ. ಹುಡುಗನ ಹೆಸರು ಹೇಳ್ರಿ.”