ರಾಚನ ಕುದುರೆ

ಗುಂಡ್ಲುಪೇಟೆಯ ಒಂದು ಹಳೆಯ ಬೀದಿಯಲ್ಲಿ, ಆಸೆಗೆ ಬಿದ್ದು ಕೈಲಿದ್ದದ್ದನ್ನು ಕಳೆದುಕೊಂಡವರನ್ನು ಕಂಡರೆ 'ರಾಚನ ಕುದುರೆ ಕೊಟ್ಟಂಗಾಯ್ತು ಬುಡು' ಎನ್ನುವ ವಾಡಿಕೆಯಿದೆ. ಆ ರಾಚ ನನ್ನ ತಾತ ರಾಚಯ್ಯ. ಕುದುರೆ ಚದುರಂಗದ್ದು. ಹೋದ ವರ್ಷ ಶಾಲೆಯ ಮಕ್ಕಳನ್ನು ಅಲ್ಲಿಗೆ ಚೆಸ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ಹುಡುಗಿಯೊಬ್ಬಳು ಕುದುರೆ ಕಳೆದುಕೊಂಡಾಗ ಆ ಬೀದಿಯ ಮೇಷ್ಟ್ರೊಬ್ಬರು ನನ್ನ ಪಕ್ಕದಲ್ಲೇ ನಿಂತು ಈ ಮಾತಾಡಿ ನಕ್ಕರು. ನಾನು ಯಾರ ಮೊಮ್ಮಗಳೆಂದು ಅವರಿಗೇನು ಗೊತ್ತು. ನಾನೂ ಬಾಯಿ ಬಿಡಲಿಲ್ಲ. ಬಿಡದೆ ಬಂದದ್ದಕ್ಕೆ ಚಾಮರಾಜನಗರದ ಬಸ್ ಸ್ಟ್ಯಾಂಡ್ ತಲುಪುವವರೆಗೂ ನನ್ನನ್ನೇ ಬೈದುಕೊಂಡೆ.

ನನ್ನ ಹೆಸರು ನಾಗಮಣಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮೂಗಿನ ತುದಿಯಲ್ಲೇ ಕೋಪ ಅಂತ ಮಕ್ಕಳು ಹೇಳಿಕೊಳ್ಳುತ್ತಾರೆ, ಸುಳ್ಳೇನಲ್ಲ.

ತಾತನ ಕಥೆಯನ್ನು ಅಜ್ಜಿ ಮರಿತಾಯಮ್ಮ ಹೇಳಿದ್ದಳು. ತಾತ ಆ ಬೀದಿಯ ದೊಡ್ಡಮಲ್ಲಪ್ಪನವರ ಮನೆಯಲ್ಲಿ ಆಳಾಗಿದ್ದ. ಮಧ್ಯಾಹ್ನವಾದರೆ ಆ ಮನೆಯ ಜಗಲಿಯ ಮೇಲೆ ಚದುರಂಗ ನಡೆಯುತ್ತಿತ್ತು. ನಮ್ಮ ಜನ ಜಗಲಿ ಹತ್ತುವಂತಿರಲಿಲ್ಲ. ತಾತ ಬೀದಿಯಾಚೆ ಹೊಂಗೆ ಮರದ ಕೆಳಗೆ ಕೂತು, ಅವರು ನಡೆ ಹೇಳುವುದನ್ನು ಕೇಳಿ ಕೇಳಿಯೇ ಆಟ ಕಲಿತ. ಆಮೇಲೆ ಅಲ್ಲಿಂದಲೇ ಆಡತೊಡಗಿದ. ಎರಡು ಸಲ ಗಂಟಲು ಸರಿಮಾಡಿಕೊಂಡು ತನ್ನ ನಡೆಯನ್ನು ಕೂಗುತ್ತಿದ್ದ. ಅವನ ಕಾಯಿಯನ್ನೂ ದೊಡ್ಡಮಲ್ಲಪ್ಪನವರೇ ನಡೆಸಿ, ತಮ್ಮ ಉತ್ತರ ಕೂಗುತ್ತಿದ್ದರು. ಮಣೆ ಕಣ್ಣಿಗೆ ಕಾಣದೆ, ಒಂದು ಕಾಯಿಯನ್ನೂ ಕೈಯಲ್ಲಿ ಮುಟ್ಟದೆ, ಆ ಬೀದಿಯ ಎಲ್ಲರನ್ನೂ ಒಬ್ಬೊಬ್ಬರಾಗಿ ಸೋಲಿಸಿದ. ದೊಡ್ಡಮಲ್ಲಪ್ಪನವರೊಬ್ಬರು ಉಳಿದಿದ್ದರು.

೧೯೭೭ರಲ್ಲಿ ಒಂದು ದಿನ ತಾತ ಪಣ ಕಟ್ಟಿದ. 'ಬುದ್ಧಿ, ನಾನು ಗೆದ್ರೆ ಜಗುಲಿ ಮ್ಯಾಲೆ ನಿಮ್ಮೆದುರ್ಗೆ ಕೂತ್ಕಂಡು ಒಂದಾಟ ಆಡ್ತೀನಿ. ಸೋತ್ರೆ ಈ ಬೀದಿಗೆ ಕಾಲಿಕ್ಕಕಿಲ್ಲ.' ಆಟದ ಮೊದಲಲ್ಲೇ ತನ್ನ ಕುದುರೆಯನ್ನು ಬೇಕೆಂದೇ ಬಿಟ್ಟುಕೊಟ್ಟ. ಎದುರಾಳಿ ಅದನ್ನು ತಿನ್ನುವ ಹೊತ್ತಿಗೆ ಮಂತ್ರಿ, ಆನೆ, ಒಂಟೆ ಮೂರೂ ಎದುರಾಳಿಯ ರಾಜನ ಮೇಲೆ ಬೀಳಬೇಕೆಂಬುದು ಅವನ ಲೆಕ್ಕ. ಲೆಕ್ಕ ತಪ್ಪಿತಂತೆ. ಸೋತ. ಅದೇ ವಾರ ಹೆಂಡತಿ ಮಗನನ್ನು ಕರೆದುಕೊಂಡು ಚಾಮರಾಜನಗರಕ್ಕೆ ಬಂದು ರೇಷ್ಮೆ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ. ಮತ್ತೆ ಆಟದ ಮಾತೆತ್ತಲಿಲ್ಲ.

ಎತ್ತಿದ್ದು ಸಾಯುವಾಗ. ನನಗಾಗ ಒಂಬತ್ತು ವರ್ಷ. ಕೊನೆಯ ಮೂರು ದಿನ ಒಂದೇ ಮಾತು. ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, 'ಮಂತ್ರಿ ಮುಂದ್ಲ ಕಾಲಾಳು, ಒಂದು ಮನೆ' ಎನ್ನುವುದು. ನಮಗೆ ಯಾರಿಗೂ ಅರ್ಥವಾಗಲಿಲ್ಲ. ಜ್ವರದ ಕನವರಿಕೆ ಅಂತ ಅಜ್ಜಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು.

ಹೋದ ತಿಂಗಳು ಆ ಮನೆಯಿಂದಲೇ ಫೋನ್ ಬಂತು. ಮಾತಾಡಿದವರು ದೊಡ್ಡಮಲ್ಲಪ್ಪನವರ ಮಗ ಮಲ್ಲೇಶ್, ಕೇರಳಕ್ಕೆ ಬಾಳೆಕಾಯಿ ಕಳಿಸುವ ವ್ಯಾಪಾರಿ. 'ಮೇಡಂ, ನಮ್ಮಪ್ಪಂಗೆ ಎಂಬತ್ತಾರು. ದಿನಾ ಮೂರು ಗಂಟೆಗೆ ಯಾರೋ ಕೂಗ್ತಾವ್ರೆ ಅಂತ ಜಗುಲಿಗೆ ಬಂದು ಕೂತ್ಕತರೆ. ರಾಚಯ್ಯನ ಮೊಮ್ಮಗಳು ಚೆಸ್ ಕಲಿಸ್ತಳಂತೆ, ಆ ಕುದ್ರೆ ಕೊಟ್ಟಿದ್ದು ಸರಿಯೋ ತಪ್ಪೋ ಅವ್ಳೇ ಹೇಳ್ಲಿ ಅಂತ ಒಂದೇ ಹಟ. ಒಂದ್ಸಲ ಬಂದೋಗಿ.'

ಹೋಗಬಾರದು ಅಂದುಕೊಂಡೆ. ಆದರೆ ಮೇಷ್ಟ್ರ ನಗು ನೆನಪಾಯಿತು. ಕುದುರೆ ಕೊಟ್ಟದ್ದು ತಪ್ಪಲ್ಲ ಎಂದು ಆ ಜಗಲಿಯ ಮುಂದೆಯೇ ತೋರಿಸಿ, ತಾತನ ಹೆಸರಿಗೆ ಮೆತ್ತಿದ್ದನ್ನು ತೊಳೆದು ಬರಬೇಕು ಅನ್ನಿಸಿತು. ಭಾನುವಾರ ತೆರಕಣಾಂಬಿ ದಾರಿಯ ಬಸ್ ಹತ್ತಿದೆ. ಹೊಲಗಳಲ್ಲಿ ಚೆಂಡು ಹೂವು ಕೊಯ್ಲಿಗೆ ಬಂದಿತ್ತು, ಗೋಪಾಲಸ್ವಾಮಿ ಬೆಟ್ಟದ ತಲೆ ಮೋಡದೊಳಗಿತ್ತು.

ಹೊಂಗೆ ಮರ ಈಗಿಲ್ಲ. ರಸ್ತೆ ಅಗಲ ಮಾಡಿದಾಗ ಕಡಿದರಂತೆ. ಆ ಜಾಗದಲ್ಲಿ ಒಂದು ಮೊಬೈಲ್ ಅಂಗಡಿ, ಭಾನುವಾರವಾದ್ದರಿಂದ ಬಾಗಿಲು ಎಳೆದಿತ್ತು. ಮೆಟ್ಟಿಲ ಮೇಲೆ ನಾಯಿಯೊಂದು ಮಲಗಿತ್ತು. ಜಗಲಿ ಮಾತ್ರ ಹಾಗೇ ಇತ್ತು, ಮೇಲೆ ಮಣೆ ಹಾಸಿಕೊಂಡು ಮುದುಕರು, ದೊಡ್ಡಮಲ್ಲಪ್ಪನವರೊಬ್ಬರೇ, ಕೂತಿದ್ದರು.

'ಬಾರವ್ವ, ಮ್ಯಾಲೆ ಬಾ' ಅಂದರು.

'ಇಲ್ಲೇ ಇರ್ತೀನಿ' ಅಂದೆ. ನನ್ನ ತಾತ ಹತ್ತದ ಜಗಲಿ ನನಗೆ ಬೇಕಿರಲಿಲ್ಲ. ಮಲ್ಲೇಶ್ ಮುಜುಗರಪಟ್ಟು ಬೀದಿಗೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು.

ಮುದುಕರು ಅವತ್ತಿನ ಆಟವನ್ನು ತೋರಿಸುತ್ತಾ ತಾತನ ಕಡೆಯ ಬಿಳಿಯ ಕಾಲಾಳು ಕೊಟ್ಟರು, ಕುದುರೆ ಕೊಟ್ಟರು, ರಾಜನನ್ನು ಮೂಲೆಗೆ ಕೂರಿಸಿದರು. ನಲವತ್ತೇಳು ವರ್ಷದ ಹಿಂದಿನ ಆಟ, ಕೈ ಎಲ್ಲೂ ತಡವರಿಸಲಿಲ್ಲ.

'ಈ ಕೊಡುಗೆ ತಪ್ಪು ಕಣವ್ವ. ಕುದ್ರೆ ಕಳ್ಕಂಡೋನು ಉಳಿಯಕಿಲ್ಲ.'

ನಾನು ಅದನ್ನೇ ಫೋನಿನ ಚೆಸ್ ಆ್ಯಪಿಗೆ ಹಾಕಿ ನೋಡಿದೆ. 'ಈ ಫೋನು ಹಂಗೇಳಲ್ಲ. ಮೊದಲು ಕರಿ ಕಡೆ ವಾಸಿ ಅನ್ನುತ್ತೆ. ಯೋಚನೆ ಮಾಡೋಕೆ ಬಿಟ್ರೆ ಸಮ ಅನ್ನುತ್ತೆ. ಸರಿಯಾಗಿ ಆಡಿದ್ರೆ ಕುದುರೆ ಬೆಲೆ ವಾಪಸ್ ಬರುತ್ತೆ.'

'ಮತ್ತೆ ರಾಚ ಯಾಕೆ ಸೋತ?'

'ನೀವೇ ಹೇಳಿ. ಆಮೇಲೆ ಏನು ನಡೆಸಿದ್ರು?'

ಮುದುಕರು ಒಂಟೆಯನ್ನು ಎತ್ತಿ, ಕರಿಯ ರಾಜನ ಮಗ್ಗುಲ ಕಾಲಾಳನ್ನು ತಿಂದು ಷಹ ಕೊಟ್ಟರು. ರಾಜ ಒಂಟೆಯನ್ನು ತಿಂದಿತು. ಕುದುರೆಯ ಜೊತೆ ಒಂಟೆಯೂ ಹೋಯಿತು. ನನಗೆ ಕಸಿವಿಸಿಯಾಯಿತು. ಇದು ಷಹ ಅಂದ ತಕ್ಷಣ ಕುಣಿಯುವ ಐದನೇ ಕ್ಲಾಸಿನ ಮಕ್ಕಳ ನಡೆ. ಬೀದಿಯವರನ್ನೆಲ್ಲ ಕಣ್ಣು ಮುಚ್ಚಿ ಸೋಲಿಸಿದವನು ಹೀಗೆ ಆಡುತ್ತಾನೆಯೇ?

ಒಳಗೆ ಗಡಿಯಾರ ಮೂರು ಹೊಡೆಯಿತು. ಮುದುಕರು ತಲೆಯೆತ್ತಿ ನನ್ನ ಹಿಂದಕ್ಕೆ ನೋಡಿದರು.

'ಕೇಳುಸ್ತಾ? ಅದೇಯ. ದಿನಾ ಅದೊಂದೇ.'

ನನಗೆ ಏನೂ ಕೇಳಿಸಲಿಲ್ಲ. 'ಏನಂತಾರೆ?' ಅಂದೆ.

ಅವರು ಎರಡು ಸಲ ಗಂಟಲು ಸರಿಮಾಡಿಕೊಂಡರು. 'ಮಂತ್ರಿ ಮುಂದ್ಲ ಕಾಲಾಳು, ಒಂದು ಮನೆ.'

ನಾನು ಬೆಚ್ಚಿದೆ. ನಮ್ಮ ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲದ ಮಾತು ಅದು. ಮಣೆ ನೋಡಿದೆ. ಒಂಟೆಯನ್ನು ವಾಪಸ್ ಇಟ್ಟು, ಆ ಕಾಲಾಳನ್ನು ಒಂದು ಮನೆ ಸರಿಸಿದರೆ ಹಿಂದಿನ ಒಂಟೆಗೆ ದಾರಿ ಬಿಡುತ್ತದೆ, ಯಾವುದೂ ದಂಡವಾಗುವುದಿಲ್ಲ. ಗದ್ದಲವಿಲ್ಲದ, ತಾಳ್ಮೆಯ ನಡೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ಅರ್ಥವಾಯಿತು. ಹೆದರಿಕೆ ಹೋಗಿ ಸಿಟ್ಟು ಬಂತು.

'ಅವತ್ತು ಕೂಗಿದ್ದು ಇದೇ ಅಲ್ವಾ?'

ಮುದುಕರು ಸತ್ತ ಒಂಟೆಯನ್ನು ಕೈಗೆತ್ತಿಕೊಂಡರು.

'ಜಗುಲಿ ಮ್ಯಾಲೆ ಏಳ್ ಜನ ಇದ್ದೊ. ಎಲ್ರಿಗೂ ಕೇಳುಸ್ತು. ನಾನು ಒಂಟೆ ಎತ್ಬುಟ್ಟೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಒಂಟೆ ಸತ್ತೋಯ್ತು ಅಂದಾಗ ಅವ್ನು ಕೇಳ್ದ, ನಾನೇನ್ ಕೂಗ್ದೆ ಬುದ್ಧಿ, ಅಂತ. ಒಂಟೆ ಅಂದೆ ಕಣ್ಲಾ, ಅಂದೊ ಏಳ್ ಜನಾನೂವೆ. ಅವ್ರೆಲ್ಲ ಹೋದ್ರು. ನಾನೊಬ್ಬ ಉಳ್ಕಂಡೆ.'

'ಸೋಲೋಕೆ ಅಷ್ಟು ಹೆದರಿಕೆನಾ?'

'ಸೋಲದಕ್ಕಲ್ಲ ಕಣವ್ವ. ಅವ್ನು ಬಂದು ಕೂರದಕ್ಕೆ.' ಎದುರಿನ ಖಾಲಿ ಜಾಗವನ್ನು ಕೈಯಿಂದ ತೋರಿಸಿದರು. 'ಈಗ ಬಾ ಕೂತ್ಕ ಅಂತ ದಿನಾ ಕರೀತೀನಿ. ಬರಕಿಲ್ಲ. ಕಾಲಾಳ್ನೇ ಕೂಗ್ತನೆ.'

ಆ ಮುಖ ನೋಡಿ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮೂಟೆ ಹೊತ್ತು ಗೂನಾಗಿದ್ದ ಬೆನ್ನು ನನ್ನ ಕಣ್ಣ ಮುಂದಿತ್ತು.

'ಕರೆದ್ರೆ ಯಾಕೆ ಬರ್ತಾರೆ? ಗೆದ್ರೆ ಕೂರೋದು ಅಂತ ಅವರ ಪಣ. ಕಾಲಾಳು ನಡ್ಸಿ. ಆಟ ಮುಗ್ಸಿ. ಪಾಪ ಅಂತ ಸೋಲಬೇಡಿ, ಅದೂ ಮೋಸಾನೇ. ಗೆಲ್ಲೋಕೇ ಆಡಿ.'

ಮುದುಕರು ಒಂಟೆಯನ್ನು ವಾಪಸ್ ಇಟ್ಟರು. ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿದರು. ಯೋಚಿಸಿ ಕರಿಯ ಉತ್ತರ ಆಡಿ, ಬೀದಿಯ ಕಡೆಗೆ ಕೂಗಿ ಹೇಳಿದರು. ಕಿವಿಗೊಟ್ಟು ಕೂತರು. ಅವರ ಹುಬ್ಬು ಮೇಲೇರಿತು.

'ಬ್ಯಾರೆ ಕೂಗ್ತವ್ನೆ' ಅಂದರು ಮೆತ್ತಗೆ. 'ಇನ್ನೊಂದು ಕುದ್ರೆ ಈಚೆಗೆ ಬುಡು ಅಂತವ್ನೆ.'

ಇವರೇ ಕಟ್ಟುತ್ತಿದ್ದಾರೆ ಅಂದುಕೊಂಡೆ. ಗಣಿತದ ಟೀಚರು ಇನ್ನೇನು ಅಂದುಕೊಳ್ಳಬೇಕು? ಫೋನಿನಲ್ಲಿ ಆಟವನ್ನು ಹಾಕಿಕೊಂಡು ಜೊತೆಗೇ ನೋಡುತ್ತಾ ಹೋದೆ. ಬಿಳಿಯ ಒಂಟೆ ಹೊರಬಂತು, ಆನೆ ರಾಜನ ಎದುರು ಸಾಲಿಗೆ ಬಂತು. ಪ್ರತಿ ಸಲವೂ ಫೋನು ತೋರಿಸಿದ ನಡೆಯೇ ಮುದುಕರ ಬಾಯಲ್ಲಿ ಬರುತ್ತಿತ್ತು. ಅವರಿಗೆ ನನ್ನ ಫೋನು ಕಾಣುವಂತಿರಲಿಲ್ಲ, ಕಂಡರೂ ಕನ್ನಡಕವಿರಲಿಲ್ಲ. ಕರಿ ಕಡೆಯಿಂದ ಒದ್ದಾಡಿ ಆಡುತ್ತಾ, ಬಿಳಿಯ ಉತ್ತರ ಕೇಳಿಸಿಕೊಂಡಾಗಲೆಲ್ಲ 'ಥೂ ಇವ್ನ' ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ತಾನೇ ಕಟ್ಟಿದ ಮಾತಿಗೆ ಯಾರಾದರೂ ಹಾಗೆ ಬೆರಗಾಗುತ್ತಾರೆಯೇ?

ಮಲ್ಲೇಶ್ ಫೋನಿನಲ್ಲಿ ಮಲಯಾಳದಲ್ಲಿ ಬಾಳೆಕಾಯಿ ರೇಟು ಮಾತಾಡುತ್ತಾ ಹೊರಗೆ ಬಂದರು. ಫೋನಿಗೆ ಕೈ ಅಡ್ಡ ಹಿಡಿದು ರಸ್ತೆಯಾಚೆ ನೋಡಿ ರೇಗಿದರು. 'ಯಾರ್ಲಾ ಅದು ಕೂಗ್ತಿರೋದು? ಪಾರ್ಟಿ ಜೊತೆ ಮಾತಾಡಕಾಯ್ತಿಲ್ಲ.' ಉತ್ತರಕ್ಕೂ ಕಾಯದೆ ಒಳಗೆ ಹೋದರು.

ನಾನು ತಿರುಗಿ ನೋಡಿದೆ. ಎಳೆದ ಬಾಗಿಲು, ಮೆಟ್ಟಿಲು, ಬಿಸಿಲು. ನಾಯಿ ಎದ್ದು, ಕೂರುವವರಿಗೆ ಜಾಗ ಬಿಡುವ ಹಾಗೆ ಮೆಟ್ಟಿಲ ಒಂದು ತುದಿಗೆ ಸರಿದು ಮಲಗಿತ್ತು. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ನನ್ನ ತಾತ, ನನಗೊಬ್ಬಳಿಗೇ ಕೇಳಿಸುತ್ತಿಲ್ಲ.

ಇಪ್ಪತ್ತೆರಡನೇ ನಡೆಗೆ ಮುದುಕರ ಕೈ ನಿಂತಿತು. ಕರಿಯ ರಾಜನಿಗೆ ಓಡಲು ಮನೆಯಿರಲಿಲ್ಲ. ಎಲ್ಲ ಕಡೆ ಬೆರಳಿಟ್ಟು ನೋಡಿದರು, ಹತ್ತು ನಿಮಿಷ ನೋಡಿದರು. ಆಮೇಲೆ ರಾಜನನ್ನು ಮಲಗಿಸಿದರು.

'ನಾನೇನೂ ಬುಟ್ಟುಕೊಡ್ಲಿಲ್ಲ ಕಣವ್ವ' ಅಂದರು ನನಗೆ.

'ಗೊತ್ತು' ಅಂದೆ. ಫೋನು ಅದನ್ನೇ ಹೇಳುತ್ತಿತ್ತು.

ಹೆಗಲ ಟವಲ್ ತೆಗೆದು ಎದುರಿನ ಜಾಗದ ದೂಳು ಒರೆಸಿದರು. ಕಾಯಿಗಳನ್ನೆಲ್ಲ ಮತ್ತೆ ಜೋಡಿಸಿದರು. ರಸ್ತೆಯಾಚೆ ನೋಡಿ, 'ನೀನು ಗೆದ್ದೆ ಕಣಪ್ಪ ರಾಚಯ್ಯ. ಬಾ' ಅಂದರು. ಪೂರ್ತಿ ಹೆಸರು ಆ ಬಾಯಲ್ಲಿ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ಯಾರೂ ಕೂಗಲಿಲ್ಲ. ಊಟಿ ಕಡೆಯ ಕಾರೊಂದು ದಾರಿ ತಪ್ಪಿ ಬೀದಿಗೆ ಬಂದು ವಾಪಸ್ ಹೋಯಿತು. ಮುಗಿಯಿತು, ಬಸ್ಸಿಗೆ ಹೊತ್ತಾಯಿತು ಎಂದು ನಾನು ಕುರ್ಚಿಯಿಂದ ಎದ್ದೆ.

ಆಗ ಕೇಳಿಸಿತು. ನನ್ನ ಹಿಂದಿನಿಂದಲ್ಲ, ಮುಂದಿನಿಂದ, ಜಗಲಿಯ ಮೇಲಿನಿಂದ. ಒಂಬತ್ತು ವರ್ಷ ಕೇಳಿದ ದನಿ, ತಪ್ಪುವ ಹಾಗಿಲ್ಲ. ಗಂಟಲು ಸರಿಮಾಡಿಕೊಳ್ಳಲಿಲ್ಲ. ಅದು ಕೂಗುವವನಿಗೆ ತಾನೆ ಬೇಕು.

'ಮಲ್ಲಪ್ಪ, ಕರಿ ಕಾಯಿ ನಂಗಿರಲಿ. ಈಗ ನೀನು ಕುದ್ರೆ ಕೊಡು, ಸರಿಯೋ ತಪ್ಪೋ ನೋಡನ.'

ದೊಡ್ಡಮಲ್ಲಪ್ಪನವರು ಮಣೆ ತಿರುಗಿಸಿದರು. ಬಿಳಿಯ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದರು. ನಾನು ನೋಡುತ್ತಲೇ ಇದ್ದೆ. ಆ ಕೈಗಳು ಮಡಿಲಿನಿಂದ ಕದಲಲಿಲ್ಲ. ಕರಿಯ ಕಾಲಾಳು ಮೇಲೆದ್ದು, ಮೊದಲ ಸಲ ಕಾಯಿ ಮುಟ್ಟಿದವರ ಕೈಯಲ್ಲಿ ಆಗುವ ಹಾಗೆ ಕೊಂಚ ಅಲುಗಾಡಿ, ಎರಡು ಮನೆ ಮುಂದೆ ಬಂದು ಕೂತಿತು.