ಅಶ್ವತ್ಥಮ್ಮ ವಾಪಸ್ ಕಳಿಸಿದ ಜಲ್ಲಿ

ಬೊಮ್ಮಸಂದ್ರದ ಅಶ್ವತ್ಥಮ್ಮನ ಹಳೆಯ ಮನೆ ಕೆಡವಿಯಾಗಿತ್ತು. ಗುಡ್ಡೆ ಬಿದ್ದ ಕಾಂಕ್ರೀಟ್ ಚೂರನ್ನು ಕೆರೆಗೆ ಸುರಿಯಲು ಟ್ರ್ಯಾಕ್ಟರ್ ಬಂದು ನಿಂತಿತು. ಅಶ್ವತ್ಥಮ್ಮ ಅದರ ಮುಂದೆಯೇ ಕಾಲು ಚಾಚಿ ಕೂತಳು.

"ಗಂಗಮ್ಮನ ಪೂಜೆ ಮಾಡೋ ಕೆರೆ ಅದು. ನನ್ ಮೇಲೆ ಅತ್ತಿಸ್ಕೊಂಡು ಓಗಿ!"

"ಏಳೇ, ಮಾನ ತೆಗೀಬೇಡ. ಊರೆಲ್ಲಾ ಅಲ್ಲೇ ತಾನೆ ಸುರಿಯೋದು?" ಎಂದ ಗಂಡ ವೆಂಕಟಪ್ಪ.

"ಊರು ಸುರೀಲಿ. ನಾನು ಬಿಡಾಕಿಲ್ಲ."

ಪಕ್ಕದ ಮನೆಯ ಶಾಂಭವಿ ಕಟ್ಟಡದ ಸಾಮಾನು ಪರೀಕ್ಷಿಸುವ ಲ್ಯಾಬಿನಲ್ಲಿದ್ದವಳು. ಅವಳ ಮಾತಿನಂತೆ ಚೂರೆಲ್ಲ ಹಳೇ ಕಾಂಕ್ರೀಟ್ ಒಡೆದು ಮರುಬಳಕೆಗೆ ಕೊಡುವ ಕ್ರಷರಿಗೆ ಹೋಗಿ, ಜಲ್ಲಿಯಾಗಿ ಮರಳಿತು. ಹೊಸ ಮನೆಯ ಅಂಗಳದ ನೆಲಕ್ಕೆ ಅದನ್ನೇ ಹಾಸಬೇಕೆಂದು ಅಶ್ವತ್ಥಮ್ಮನ ಹಟ.

ವೆಂಕಟಪ್ಪ ಒಂದು ಹಿಡಿ ಎತ್ತಿ ನಕ್ಕ. "ತೆಳ್ಳಗೆ ಒಳ್ಳೆ ಆಲೂಗಡ್ಡೆ ಚಿಪ್ಸ್ ಇದ್ದಂಗೈತೆ! ಕೆಡವಿದ ಮನೇದು, ಅಪಶಕುನ ಬೇರೆ."

"ದೇವ್ರ ದೀಪದ ಒಗೆ ಕುಡಿದ ತಾರಸಿ ಕಣ್ರೀ ಇದು. ಎಂಗೆ ಅಪಶಕುನ?"

ಆದರೂ ಚಿಪ್ಸ್ ಎಂದ ಮಾತು ಚುಚ್ಚಿತು. ಅಶ್ವತ್ಥಮ್ಮ ಮೊರ ತಂದು ಜಲ್ಲಿ ಹರಡಿಕೊಂಡು ಕೂತಳು.

"ರಾಗೀಲಿ ಕಲ್ಲು ಆರಿಸೋಳು, ಕಲ್ಲಲ್ಲಿ ಏನೇ ಆರಿಸ್ತೀಯ?"

ಶಾಂಭವಿ ಬಗ್ಗಿ ನೋಡಿದಳು. "ಆರಿಸ್ಲೇಬೇಕು ವೆಂಕಟಣ್ಣ. ಚಪ್ಪಟೆ ಚೂರು, ಉದ್ದನೆ ಚೂರು ಭಾರ ಬಿದ್ರೆ ಮುರಿಯುತ್ತೆ. ಮಧ್ಯೆ ಸಂದು ಉಳಿದು ನೆಲ ಕುಸಿಯುತ್ತೆ. ಬೆಲ್ಲದಚ್ಚು ಒಡೆದಾಗ ದಪ್ಪ ತುಂಡು ಬರಲ್ವಾ, ಹಾಗಿರ್ಬೇಕು. ಒಂದಕ್ಕೊಂದು ಕಚ್ಚಿ ಕೂರುತ್ತೆ. ಹಳೇ ಗಾರೆ ಅಂಟಿರೋದು ನೀರು ಕುಡಿಯುತ್ತೆ, ಕಾಂಕ್ರೀಟಿಗೆ ಹಾಕೋ ಮುಂಚೆ ನೆನೆಸ್ಬೇಕು."

ಮೊರದಲ್ಲಿ ಅರ್ಧಕ್ಕರ್ಧ ಚಪ್ಪಟೆ! ಅಶ್ವತ್ಥಮ್ಮ ಕ್ರಷರಿಗೆ ಫೋನು ಹಚ್ಚಿದಳು.

"ಯಾರೂ ಹೀಗೆ ಆರಿಸಿ ನೋಡಲ್ಲಕ್ಕ," ಎಂದ ಕ್ರಷರಿನವನು.

"ನಾನ್ ನೋಡ್ತೀನಿ. ವಾಪಸ್ ತಗೊಂಡೋಗು!"

ಜಲ್ಲಿ ಇನ್ನೊಮ್ಮೆ ಒಡೆಸಿಕೊಂಡು, ಜರಡಿ ಹಿಡಿಸಿಕೊಂಡು ಬಂತು. ಶಾಂಭವಿ ಮೊರದಲ್ಲೇ ಉಳಿದಿದ್ದ ಹಳೆಯ ಚಪ್ಪಟೆ ಚೂರನ್ನು ಒಂದು ಕಡೆ, ಹೊಸದನ್ನು ಇನ್ನೊಂದು ಕಡೆ ಹಾಸಿ, "ದಮ್ಮಸ್ಸು ಹಾಕಿ ವೆಂಕಟಣ್ಣ," ಎಂದಳು. ಅವನು ನೆಲ ಕುಟ್ಟುವ ಭಾರದ ದಮ್ಮಸ್ಸನ್ನು ಎತ್ತಿ ಕುಟ್ಟಿದ. ಚಪ್ಪಟೆಯದು ಹಪ್ಪಳದಂತೆ ಪುಡಿಯಾಯಿತು. ಹೊಸದು ಕುಟ್ಟಿದಷ್ಟೂ ಬಿಗಿದು ಕೂತಿತು.

ವೆಂಕಟಪ್ಪ ಬೆವರೊರೆಸಿಕೊಂಡ. "ನಿನ್ನಂಗೇ ಐತಲ್ಲೇ, ಒಂದ್ಸಾರಿ ಕೂತ್ರೆ ಏಳಾಕಿಲ್ಲ!" ಎಂದು ಮೊರವನ್ನು ತಾನೇ ಎಳೆದುಕೊಂಡು ಹೊಸ ಜಲ್ಲಿ ಆರಿಸತೊಡಗಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಚೂರನ್ನು ಕೆರೆಗೆ, ಕಾಲುವೆಗೆ ಸುರಿಯಲು ಬಿಡಬೇಡಿ; ಮರುಬಳಕೆಯ ಕ್ರಷರಿಗೆ ಕಳಿಸಿ. ಜಲ್ಲಿ ಬಂದಾಗ ಮೊರದಲ್ಲಿ ಹರಡಿ ನೋಡಿ. ಕಂಬಕ್ಕೆ, ತಾರಸಿಗೆ ಇಂಥ ಜಲ್ಲಿಯನ್ನು ಎಂಜಿನಿಯರ್ ಪರೀಕ್ಷಿಸಿ ಒಪ್ಪಿದರೆ ಮಾತ್ರ ಹಾಕಿ. ಚಪ್ಪಟೆ ಚೂರೇ ಹೆಚ್ಚಿದ್ದರೆ ವಾಪಸ್ ಕಳಿಸಿ. ಯಾರು ನಕ್ಕರೂ ನಗಲಿ; ಆ ನೆಲದ ಮೇಲೆ ನಡೆಯುವವರು ನೀವು.